ಗರ್ಭಕೋಶ ತೆಗೆಯಲು ಕಾರಣವೇನು, ತೆಗೆದ ಅಂಗಾಂಶ ಹೇಳುವುದೇನು?

ತಿಕೋಟಾ, ಬಬಲೇಶ್ವರ ಭಾಗದ ಹಳ್ಳಿಗಳಿಂದ ವಿಜಯಪುರ ನಗರದ ಆಸ್ಪತ್ರೆಗಳಿಗೆ ಬರುವ ಮಹಿಳೆಯರಿಗೆ ಹೆರಿಗೆಯ ಹೊರತಾಗಿ ನಡೆಯುವ ದೊಡ್ಡ ಶಸ್ತ್ರಚಿಕಿತ್ಸೆಗಳಲ್ಲಿ ಗರ್ಭಕೋಶವನ್ನು ತೆಗೆಯುವುದು ಮುಖ್ಯವಾದುದು. ವೈದ್ಯಶಾಸ್ತ್ರ ಹಿಸ್ಟರೆಕ್ಟಮಿ ಎಂದು ಕರೆಯುವ, ಊರ ಮಾತಿನಲ್ಲಿ ಗರ್ಭಚೀಲ ತೆಗೆಸುವುದು ಎನ್ನುವ ಈ ಶಸ್ತ್ರಚಿಕಿತ್ಸೆಯ ಸುತ್ತ ಎರಡು ದಾಖಲೆಗಳು ಹುಟ್ಟುತ್ತವೆ. ಮೊದಲನೆಯದು, ಯಾವ ತೊಂದರೆಗಾಗಿ ಗರ್ಭಕೋಶವನ್ನು ತೆಗೆಯಬೇಕಾಗಿದೆ ಎಂದು ವೈದ್ಯರು ಶಸ್ತ್ರಚಿಕಿತ್ಸೆಗೆ ಮುನ್ನ ಬರೆಯುವ ಕಾರಣ. ಎರಡನೆಯದು, ತೆಗೆದ ಅಂಗವನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ ರೋಗಶಾಸ್ತ್ರಜ್ಞರು ಕೊಡುವ ಅಂಗಾಂಶ ವರದಿ. ಮೊದಲನೆಯದು ಲಕ್ಷಣಗಳನ್ನೂ ಸ್ಕ್ಯಾನಿಂಗನ್ನೂ ಆಧರಿಸಿದ ಅಂದಾಜಾದರೆ, ಎರಡನೆಯದು ಆ ಅಂದಾಜು ಎಷ್ಟು ಸರಿಯಿತ್ತೆಂಬುದನ್ನು ಒರೆಗೆ ಹಚ್ಚುವ ಸಾಕ್ಷ್ಯ. ಇವೆರಡನ್ನೂ ಜೊತೆಗಿಟ್ಟು ಓದಿದಾಗ ಮಾತ್ರ ಶಸ್ತ್ರಚಿಕಿತ್ಸೆ ಅಗತ್ಯವಾಗಿತ್ತೇ, ರೋಗ ಅಲ್ಲಿಗೇ ಮುಗಿಯಿತೇ, ಮುಂದೆ ಚಿಕಿತ್ಸೆ ಬೇಕೇ ಎಂಬ ಪ್ರಶ್ನೆಗಳಿಗೆ ಉತ್ತರ ದೊರೆಯುತ್ತದೆ.

ಅಂದಾಜಿಗೂ ಕಾಣ್ಕೆಗೂ ನಡುವೆ ಇರಬಹುದಾದ ಅಂತರ ಈ ಶಸ್ತ್ರಚಿಕಿತ್ಸೆಯಷ್ಟೇ ಹಳೆಯದು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1843ರಲ್ಲಿ ಚಾರ್ಲ್ಸ್ ಕ್ಲೇ ಅವರು ಅಂಡಾಶಯದ ಗಡ್ಡೆಯೆಂದು ಭಾವಿಸಿ ಹೊಟ್ಟೆಯನ್ನು ತೆರೆದಾಗ ಕಂಡದ್ದು ಗರ್ಭಕೋಶದ ದೊಡ್ಡ ಗಡ್ಡೆ; ಅದನ್ನು ತೆಗೆದರೂ ರೋಗಿ ಉಳಿಯಲಿಲ್ಲ. ಅಮೆರಿಕದ ವಾಲ್ಟರ್ ಬರ್ನ್‌ಹ್ಯಾಮ್ ಅವರು 1853ರಲ್ಲಿ ಹೊಟ್ಟೆಯ ಮೂಲಕ ಗರ್ಭಕೋಶ ತೆಗೆದು ರೋಗಿಯನ್ನು ಉಳಿಸಿಕೊಂಡ ಮೊದಲ ವೈದ್ಯರೆನಿಸಿದರು. ಅವರೂ ಅಂಡಾಶಯದ ಗಡ್ಡೆಯೆಂದೇ ಶಸ್ತ್ರಚಿಕಿತ್ಸೆ ಆರಂಭಿಸಿದ್ದರು. ಇಂದು ಸ್ಕ್ಯಾನಿಂಗ್ ಯಂತ್ರಗಳು ಆ ಅಂತರವನ್ನು ಬಹಳಷ್ಟು ಕಿರಿದಾಗಿಸಿವೆಯಾದರೂ ಪೂರ್ತಿ ಮುಚ್ಚಿಲ್ಲ.

ಅಂಗದ ರಚನೆ

ಗರ್ಭಕೋಶವು ಕಿಬ್ಬೊಟ್ಟೆಯಲ್ಲಿ ಮೂತ್ರಕೋಶದ ಹಿಂದೆ, ಗುದನಾಳದ ಮುಂದೆ ಇರುವ ಸ್ನಾಯುವಿನ ಅಂಗ. ಪ್ರೌಢ ಸ್ತ್ರೀಯಲ್ಲಿ ಅದರ ಉದ್ದ ಸುಮಾರು 7.5 ಸೆಂಟಿಮೀಟರ್, ಅಗಲ 5 ಸೆಂಟಿಮೀಟರ್, ದಪ್ಪ 2.5 ಸೆಂಟಿಮೀಟರ್. ಅದರ ಗೋಡೆಯ ಬಹುಭಾಗ ಮಯೋಮೆಟ್ರಿಯಂ ಎಂಬ ಸ್ನಾಯುಪದರ. ಅದರ ಒಳಗೆ, ಹಾರ್ಮೋನುಗಳ ಅಣತಿಯಂತೆ ಪ್ರತಿ ತಿಂಗಳು ಬೆಳೆದು ಮುಟ್ಟಿನಲ್ಲಿ ಕಳಚಿಹೋಗುವ ಎಂಡೋಮೆಟ್ರಿಯಂ ಎಂಬ ಒಳಪದರ ಇರುತ್ತದೆ. ಕೆಳತುದಿಯ ಗರ್ಭಕಂಠ ಯೋನಿಯೊಳಕ್ಕೆ ಚಾಚಿಕೊಂಡಿದ್ದರೆ, ಮೇಲ್ಭಾಗದ ಎರಡೂ ಬದಿಗೆ ಅಂಡನಾಳ ಮತ್ತು ಅಂಡಾಶಯಗಳಿವೆ. ಸ್ತ್ರೀ ಹಾರ್ಮೋನುಗಳನ್ನು ಸ್ರವಿಸುವುದು ಅಂಡಾಶಯವೇ ಹೊರತು ಗರ್ಭಕೋಶವಲ್ಲ. ಆದ್ದರಿಂದ ಗರ್ಭಕೋಶವನ್ನು ಮಾತ್ರ ತೆಗೆಯುವುದಕ್ಕೂ ಜೊತೆಗೆ ಎರಡೂ ಅಂಡಾಶಯಗಳನ್ನು ತೆಗೆಯುವುದಕ್ಕೂ ಬಹಳ ವ್ಯತ್ಯಾಸವಿದೆ.

ಕಾರಣಗಳು

ಗರ್ಭಕೋಶ ತೆಗೆಸಲು ಎಲ್ಲೆಡೆ ಕೇಳಿಬರುವ ಮೊದಲ ಕಾರಣ ಅತಿಯಾದ ಅಥವಾ ಅಡ್ಡಾದಿಡ್ಡಿಯಾದ ಮುಟ್ಟಿನ ರಕ್ತಸ್ರಾವ. ಸಾಮಾನ್ಯ ಮುಟ್ಟಿನಲ್ಲಿ ಹೋಗುವ ರಕ್ತ 30ರಿಂದ 40 ಮಿಲಿಲೀಟರಿನಷ್ಟು. ಅದು 80 ಮಿಲಿಲೀಟರನ್ನು ದಾಟಿದರೆ ಅತಿಸ್ರಾವವೆಂದು ಪರಿಗಣಿಸುವುದು ರೂಢಿ. ರೊಟ್ಟಿ ಬಡಿಯುವುದರಿಂದ ಹಿಡಿದು ದ್ರಾಕ್ಷಿ ತೋಟದ ಕೂಲಿಯವರೆಗೆ ದಿನವಿಡೀ ನಿಂತೇ ದುಡಿಯುವ ಹೆಣ್ಣುಮಗಳಿಗೆ, ಅದರಲ್ಲಿಯೂ ಮೊದಲೇ ರಕ್ತಹೀನತೆ ಇದ್ದರೆ, ಇಂಥ ಸ್ರಾವ ಬದುಕನ್ನೇ ಕುಗ್ಗಿಸುತ್ತದೆ. ಆದರೆ ರಕ್ತಸ್ರಾವ ಎಂಬುದು ರೋಗದ ಹೆಸರಲ್ಲ, ಲಕ್ಷಣ ಮಾತ್ರ. ಅಂತರರಾಷ್ಟ್ರೀಯ ಸ್ತ್ರೀರೋಗ ಮತ್ತು ಪ್ರಸೂತಿ ಒಕ್ಕೂಟವು 2011ರಲ್ಲಿ ಪ್ರಕಟಿಸಿದ ವರ್ಗೀಕರಣ ಅದರ ಹಿಂದಿನ ಕಾರಣಗಳನ್ನು ಎರಡು ಗುಂಪುಗಳಾಗಿ ವಿಂಗಡಿಸುತ್ತದೆ. ಪಾಲಿಪ್ ಎಂಬ ತೊಟ್ಟುಳ್ಳ ಮೃದು ಬೆಳವಣಿಗೆ, ಒಳಪದರದ ಗ್ರಂಥಿಗಳು ಸ್ನಾಯುಪದರದಲ್ಲಿ ನೆಲೆಯೂರುವ ಅಡಿನೊಮಯೋಸಿಸ್, ಫೈಬ್ರಾಯ್ಡ್ ಗಡ್ಡೆ, ಕ್ಯಾನ್ಸರ್ ಹಾಗೂ ಅದರ ಪೂರ್ವಸ್ಥಿತಿ ಇವು ಕಣ್ಣಿಗೋ ಸ್ಕ್ಯಾನಿಗೋ ಸೂಕ್ಷ್ಮದರ್ಶಕಕ್ಕೋ ಸಿಗುವ ರಚನಾತ್ಮಕ ಕಾರಣಗಳು. ರಕ್ತ ಹೆಪ್ಪುಗಟ್ಟುವಿಕೆಯ ದೋಷ, ಅಂಡೋತ್ಪತ್ತಿಯ ಏರುಪೇರು, ಒಳಪದರದ ಸ್ಥಳೀಯ ದೋಷ, ಔಷಧಿಗಳ ಪರಿಣಾಮ ಮುಂತಾದವು ರಚನೆಯಲ್ಲಿ ಕಾಣಿಸದ ಕಾರಣಗಳು. ಈ ಎರಡನೆಯ ಗುಂಪಿನ ಬಹುಪಾಲು ತೊಂದರೆಗಳು ಔಷಧಿಗೆ ಬಗ್ಗುವಂಥವು, ಆದ್ದರಿಂದ ಯಾವ ಗುಂಪೆಂದು ತಿಳಿಯದೆ ಗರ್ಭಕೋಶ ತೆಗೆಯಲು ನಿರ್ಧರಿಸುವುದು ಸರಿಯಲ್ಲ.

ಎರಡನೆಯ ದೊಡ್ಡ ಕಾರಣ ಫೈಬ್ರಾಯ್ಡ್, ಅಂದರೆ ಸ್ನಾಯುಪದರದಲ್ಲಿ ಬೆಳೆಯುವ ಕ್ಯಾನ್ಸರ್ ಅಲ್ಲದ ಗಡ್ಡೆ. ಐವತ್ತು ವರ್ಷ ತಲುಪುವಷ್ಟರಲ್ಲಿ ಹೆಚ್ಚಿನ ಮಹಿಳೆಯರ ಗರ್ಭಕೋಶದಲ್ಲಿ ಚಿಕ್ಕದೋ ದೊಡ್ಡದೋ ಫೈಬ್ರಾಯ್ಡ್ ಇರುತ್ತದೆ, ಹಲವರಿಗೆ ಅದರಿಂದ ಯಾವ ಬಾಧೆಯೂ ಇರುವುದಿಲ್ಲ. ಹಾಗಾಗಿ ಸ್ಕ್ಯಾನಿಂಗಿನಲ್ಲಿ ಗಡ್ಡೆ ಕಂಡಿತೆಂಬುದೊಂದೇ ಶಸ್ತ್ರಚಿಕಿತ್ಸೆಗೆ ಕಾರಣವಾಗಲಾರದು. ಗಡ್ಡೆಯ ಗಾತ್ರ, ಅದು ಒಳಪದರಕ್ಕೆ ಎಷ್ಟು ಹತ್ತಿರದಲ್ಲಿದೆ ಎಂಬುದು, ರಕ್ತಸ್ರಾವದ ತೀವ್ರತೆ, ಮೂತ್ರಕೋಶದ ಮೇಲಿನ ಒತ್ತಡ ಇವೆಲ್ಲ ಸೇರಿ ನಿರ್ಧಾರ ರೂಪುಗೊಳ್ಳಬೇಕು.

ಮೂರನೆಯದು ಗರ್ಭಕೋಶ ಜಾರುವಿಕೆ. ಗರ್ಭಕೋಶವನ್ನು ಹಿಡಿದಿಟ್ಟಿರುವ ತಂತುಕಟ್ಟುಗಳೂ ವಸ್ತಿಕುಹರದ ತಳದ ಸ್ನಾಯುಗಳೂ ಸಡಿಲಗೊಂಡು ಗರ್ಭಕಂಠ ಕೆಳಗಿಳಿದು, ಕೆಲವೊಮ್ಮೆ ಯೋನಿಯಿಂದ ಹೊರಗೇ ಬರುವ ಈ ಸ್ಥಿತಿ ಹಲವು ಹೆರಿಗೆ ಕಂಡ, ಮುಟ್ಟು ನಿಂತ ವಯಸ್ಸಿನ ಗ್ರಾಮೀಣ ಮಹಿಳೆಯರಲ್ಲಿ ಹೆಚ್ಚು. ಚಿಕ್ಕ ವಯಸ್ಸಿನ ಮದುವೆ, ಬೇಗಬೇಗ ಬಂದ ಬಸಿರು, ದೀರ್ಘಕಾಲದ ಹೆರಿಗೆ ಬೇನೆ, ಬಾಣಂತನ ಮುಗಿಯುವ ಮೊದಲೇ ಹೊತ್ತ ಕೊಡ ಮತ್ತು ಮೇವಿನ ಹೊರೆ, ಹಳೆಯ ಕೆಮ್ಮು, ಮಲಬದ್ಧತೆ ಇವೆಲ್ಲ ಅದಕ್ಕೆ ದಾರಿಮಾಡುತ್ತವೆ. ಇಂಥ ಬಾಧೆಯನ್ನು ನಾಚಿಕೆಯಿಂದ ವರ್ಷಗಟ್ಟಲೆ ಮುಚ್ಚಿಟ್ಟುಕೊಂಡು, ಹುಣ್ಣಾದ ಮೇಲೆ ಆಸ್ಪತ್ರೆಗೆ ಬರುವವರೂ ಇದ್ದಾರೆ. ಅಂಡಾಶಯದ ಗಡ್ಡೆ, ಗರ್ಭಕಂಠದ ಅಥವಾ ಒಳಪದರದ ಕ್ಯಾನ್ಸರ್, ಹೆರಿಗೆಯ ನಂತರ ಯಾವ ಉಪಾಯದಿಂದಲೂ ನಿಲ್ಲದ ರಕ್ತಸ್ರಾವ ಇವು ಉಳಿದ ಮುಖ್ಯ ಕಾರಣಗಳು. ಕೊನೆಯದರಲ್ಲಿ ಗರ್ಭಕೋಶ ತೆಗೆಯುವುದು ತಾಯಿಯ ಜೀವ ಉಳಿಸುವ ತುರ್ತು ಕ್ರಮ.

ಇವುಗಳ ಜೊತೆಗೆ ದುರ್ಬಲ ಕಾರಣಗಳ ಒಂದು ಸಾಲೂ ಇದೆ. ಬಿಳಿಸೆರಗು, ಸೊಂಟನೋವು, 'ಗರ್ಭಚೀಲಕ್ಕೆ ಬಾವು ಬಂದಿದೆ', 'ಮುಂದೆ ಕ್ಯಾನ್ಸರ್ ಆದೀತು' ಎಂಬ ಮಾತುಗಳು ಆ ಸಾಲಿಗೆ ಸೇರುತ್ತವೆ. ಬಿಳಿಸೆರಗಿಗೆ ಹೆಚ್ಚಾಗಿ ಮಾತ್ರೆಯಿಂದ ವಾಸಿಯಾಗುವ ಸೋಂಕು ಕಾರಣ. ಸೊಂಟನೋವಿಗೆ ಕಾರಣ ಅನೇಕ ವೇಳೆ ಬೆನ್ನುಮೂಳೆಯಲ್ಲಿಯೋ ಸ್ನಾಯುವಿನಲ್ಲಿಯೋ ಇರುತ್ತದೆ. ಮಕ್ಕಳಾಗಿ ಸಂತಾನಹರಣ ಶಸ್ತ್ರಚಿಕಿತ್ಸೆಯೂ ಮುಗಿದ ಮೇಲೆ ಗರ್ಭಕೋಶದ ಕೆಲಸ ತೀರಿತು ಎಂಬ ಭಾವನೆ ಮನೆಯವರಲ್ಲಿಯೂ ಕೆಲವು ವೈದ್ಯರಲ್ಲಿಯೂ ಇರುವುದರಿಂದ, ಮೂವತ್ತರ ಆಸುಪಾಸಿನಲ್ಲಿಯೇ ಶಸ್ತ್ರಚಿಕಿತ್ಸೆಗೆ ಒಪ್ಪುವುದು ಸುಲಭವಾಗಿಬಿಡುತ್ತದೆ.

ಪ್ರಯೋಗಾಲಯದ ಮೇಜಿನ ಮೇಲೆ

ವಿಜಯಪುರ ನಗರದಲ್ಲಿ 1984ರಲ್ಲಿ ಆರಂಭವಾದ ಅಲ್-ಅಮೀನ್ ವೈದ್ಯಕೀಯ ಕಾಲೇಜು, 1986ರಲ್ಲಿ ಆರಂಭವಾದ ಬಿ.ಎಲ್.ಡಿ.ಇ. ಸಂಸ್ಥೆಯ ಶ್ರೀ ಬಿ. ಎಂ. ಪಾಟೀಲ ವೈದ್ಯಕೀಯ ಕಾಲೇಜು ಹೀಗೆ ಎರಡು ಕಾಲೇಜುಗಳಿರುವುದರಿಂದ ಅಂಗಾಂಶ ಪರೀಕ್ಷೆಯ ಸೌಲಭ್ಯ ಈ ಭಾಗದವರಿಗೆ ದೂರದ್ದಲ್ಲ. ಶಸ್ತ್ರಚಿಕಿತ್ಸಾ ಕೊಠಡಿಯಿಂದ ಪ್ರಯೋಗಾಲಯಕ್ಕೆ ಹೋಗುವ ಅಂಗದ ಪಯಣದಲ್ಲಿ ಮೊದಲ ಹೆಜ್ಜೆಯೇ ನಿರ್ಣಾಯಕ. ತೆಗೆದ ಗರ್ಭಕೋಶವನ್ನು ಕೂಡಲೇ ಶೇಕಡಾ 10ರ ಫಾರ್ಮಲಿನ್ ದ್ರಾವಣದಲ್ಲಿ, ಅಂಗದ ಗಾತ್ರಕ್ಕಿಂತ ಹತ್ತು ಪಟ್ಟಿನಷ್ಟು ದ್ರಾವಣವಿರುವ ಅಗಲ ಬಾಯಿಯ ಡಬ್ಬಿಯಲ್ಲಿ ಮುಳುಗಿಸಿಡಬೇಕು. ಗೋಡೆ ದಪ್ಪವಾದುದರಿಂದ ಅಂಗವನ್ನು ಸೀಳಿ ಒಳಪದರಕ್ಕೂ ದ್ರಾವಣ ತಾಗುವಂತೆ ಮಾಡಬೇಕು. ಇಲ್ಲವಾದರೆ ಎಲ್ಲಕ್ಕಿಂತ ಮುಖ್ಯವಾದ ಒಳಪದರವೇ ಮೊದಲು ಕೊಳೆತು, ಎಂಥ ತಜ್ಞರಿಗೂ ಓದಲಾಗದ ಸ್ಥಿತಿಗೆ ಬರುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ವಿಜಯಪುರದಂಥ ಊರಿನಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಅಗತ್ಯ. ಡಬ್ಬಿಯ ಜೊತೆಗೆ ಹೋಗುವ ಚೀಟಿಯಲ್ಲಿ ರೋಗಿಯ ವಯಸ್ಸು, ಕೊನೆಯ ಮುಟ್ಟಿನ ದಿನಾಂಕ, ಸೇವಿಸಿದ ಹಾರ್ಮೋನ್ ಮಾತ್ರೆಗಳು ಮತ್ತು ಶಸ್ತ್ರಚಿಕಿತ್ಸೆಯ ಕಾರಣ ನಮೂದಾಗಿರಬೇಕು, ಏಕೆಂದರೆ ಒಂದೇ ಬಗೆಯ ಒಳಪದರ ಮೂವತ್ತರ ಮಹಿಳೆಯಲ್ಲಿ ಸಹಜವೆನಿಸಿದರೆ ಅರವತ್ತರ ಮಹಿಳೆಯಲ್ಲಿ ಆತಂಕದ ಸೂಚನೆಯಾಗುತ್ತದೆ.

ಅಂಗಾಂಶ ಗಟ್ಟಿಯಾದ ಮೇಲೆ ರೋಗಶಾಸ್ತ್ರಜ್ಞರು ಅದನ್ನು ತೂಗಿ, ಅಳೆದು, ಗೋಡೆಯ ಮತ್ತು ಒಳಪದರದ ದಪ್ಪವನ್ನು ಬರೆದುಕೊಂಡು, ಗರ್ಭಕಂಠದ ಮುಂದಿನ ಮತ್ತು ಹಿಂದಿನ ತುಟಿ, ಒಳಪದರವೂ ಸ್ನಾಯುವೂ ಒಟ್ಟಿಗಿರುವ ಭಾಗ, ಪ್ರತಿ ಗಡ್ಡೆ, ಅಂಡನಾಳ, ಅಂಡಾಶಯ ಹೀಗೆ ಗೊತ್ತುಪಡಿಸಿದ ಜಾಗಗಳಿಂದ ಚಿಕ್ಕ ತುಣುಕುಗಳನ್ನು ಕತ್ತರಿಸುತ್ತಾರೆ. ಆಲ್ಕೋಹಾಲಿನಲ್ಲಿ ನೀರಿನಂಶ ಕಳೆದುಕೊಂಡು, ಜೈಲೀನಿನಲ್ಲಿ ಶುದ್ಧಗೊಂಡು, ಕರಗಿದ ಪ್ಯಾರಾಫಿನ್ ಮೇಣವನ್ನು ಹೀರಿಕೊಂಡ ಆ ತುಣುಕುಗಳನ್ನು ಮೇಣದ ಅಚ್ಚುಗಳಲ್ಲಿ ಕೂಡಿಸಿ, ಮೈಕ್ರೋಟೋಮ್ ಎಂಬ ಯಂತ್ರದಿಂದ ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ನಾಲ್ಕೈದರಷ್ಟು ತೆಳುವಾದ ಹಾಳೆಗಳನ್ನಾಗಿ ಸೀಳಿ ಗಾಜಿನ ಪಟ್ಟಿಯ ಮೇಲೆ ಅಂಟಿಸಲಾಗುತ್ತದೆ. ಮಧ್ಯ ಅಮೆರಿಕದ ಒಂದು ಮರದ ತಿರುಳಿನಿಂದ ಬರುವ ಹೆಮಟಾಕ್ಸಿಲಿನ್ ಬಣ್ಣ ಜೀವಕೋಶದ ಕೇಂದ್ರವನ್ನು ನೀಲಿಯಾಗಿಯೂ, ಇಯೋಸಿನ್ ಬಣ್ಣ ಉಳಿದ ಭಾಗವನ್ನು ಗುಲಾಬಿಯಾಗಿಯೂ ತೋರಿಸುತ್ತವೆ. ಇಷ್ಟೆಲ್ಲ ಆದ ಮೇಲೆಯೇ ವರದಿ ಸಿದ್ಧವಾಗುವುದರಿಂದ, ಹೊಲಿಗೆ ಬಿಚ್ಚಿ ಊರಿಗೆ ಮರಳುವ ಹೊತ್ತಿಗೆ ಅದು ರೋಗಿಯ ಕೈ ಸೇರದೇ ಇರುವುದೇ ಹೆಚ್ಚು.

ಅಂಗಾಂಶದ ಕಾಣ್ಕೆಗಳು

ಫೈಬ್ರಾಯ್ಡ್ ಗಡ್ಡೆಯನ್ನು ಕೊಯ್ದರೆ ಬಿಳಿಯ, ಗಟ್ಟಿಯಾದ, ಸುರುಳಿ ಸುತ್ತಿದಂಥ ಮೇಲ್ಮೈ ಕಾಣುತ್ತದೆ, ಸೂಕ್ಷ್ಮದರ್ಶಕದಲ್ಲಿ ಒಂದಕ್ಕೊಂದು ಹೆಣೆದುಕೊಂಡ ಸ್ನಾಯುತಂತುಗಳ ಕಟ್ಟುಗಳು ಕಾಣುತ್ತವೆ. ವರದಿಯಲ್ಲಿ ಇದಕ್ಕೆ ಲಿಯೋಮಯೋಮಾ ಎಂಬ ಹೆಸರು. ಇದು ಶಸ್ತ್ರಚಿಕಿತ್ಸೆಗೆ ಮುನ್ನಿನ ಅಂದಾಜಿನೊಡನೆ ಬಹುಮಟ್ಟಿಗೆ ತಾಳೆಯಾಗುವ ಕಾಣ್ಕೆ. ಆದರೂ ಪರೀಕ್ಷೆ ತಪ್ಪಿಸುವಂತಿಲ್ಲ. ಫೈಬ್ರಾಯ್ಡ್ ಎಂದು ಭಾವಿಸಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಸುಮಾರು 350 ಮಹಿಳೆಯರಲ್ಲಿ ಒಬ್ಬರಿಗೆ ಸಾರ್ಕೋಮಾ ಎಂಬ ಕ್ಯಾನ್ಸರ್ ಇರಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2014ರಲ್ಲಿ ಅಂದಾಜಿಸಿ, ಗಡ್ಡೆಯನ್ನು ಹೊಟ್ಟೆಯೊಳಗೇ ಯಂತ್ರದಿಂದ ಚೂರುಮಾಡಿ ಹೊರತೆಗೆಯುವ ಕ್ರಮದ ಬಗ್ಗೆ ಎಚ್ಚರಿಸಿತು. ಜೀವಕೋಶಗಳ ವಿಕಾರ, ಮಿತಿಮೀರಿದ ವಿಭಜನೆ, ಸತ್ತುಹೋದ ಅಂಗಾಂಶದ ತೇಪೆಗಳು ಈ ಮೂರನ್ನು ಹುಡುಕುವುದು ಸೂಕ್ಷ್ಮದರ್ಶಕಕ್ಕೆ ಮಾತ್ರ ಸಾಧ್ಯ.

ಅಡಿನೊಮಯೋಸಿಸ್ ಎಂದರೆ ಒಳಪದರದ ಗ್ರಂಥಿಗಳು ಸ್ನಾಯುಪದರದ ಆಳದಲ್ಲಿ ನೆಲೆಯೂರಿರುವುದು. ಗರ್ಭಕೋಶದ ಗೋಡೆ ಒಂದೇ ಸಮನೆ ದಪ್ಪವಾಗಿ, ಮುಟ್ಟಿನಲ್ಲಿ ತೀವ್ರ ನೋವೂ ಅತಿಸ್ರಾವವೂ ಉಂಟಾಗುತ್ತವೆ. ಸಾಧಾರಣ ಸ್ಕ್ಯಾನಿಂಗಿನಲ್ಲಿ ಇದು ಸುಲಭವಾಗಿ ತಪ್ಪಿಸಿಕೊಳ್ಳುವುದರಿಂದ, ಕಾರಣ ತಿಳಿಯದ ರಕ್ತಸ್ರಾವವೆಂದೋ ಫೈಬ್ರಾಯ್ಡ್ ಎಂದೋ ತೆಗೆದ ಗರ್ಭಕೋಶಗಳಲ್ಲಿ ಅನಿರೀಕ್ಷಿತವಾಗಿ ಎದುರಾಗುವುದುಂಟು. ಮಹಿಳೆ ವರ್ಷಗಟ್ಟಲೆ ಹೇಳಿಕೊಂಡು ಬಂದ ನೋವಿಗೆ ಇಲ್ಲಿ ಮೊದಲ ಬಾರಿಗೆ ಪುರಾವೆ ಸಿಗುತ್ತದೆ.

ಒಳಪದರದ ವರದಿ ಓದಲು ಸ್ವಲ್ಪ ತಿಳಿವಳಿಕೆ ಬೇಕು. ಪ್ರೊಲಿಫರೇಟಿವ್ ಎಂದರೆ ಮುಟ್ಟಿನ ಚಕ್ರದ ಮೊದಲರ್ಧದ ಬೆಳವಣಿಗೆಯ ಹಂತ, ಸೆಕ್ರೀಟರಿ ಎಂದರೆ ಅಂಡೋತ್ಪತ್ತಿಯ ನಂತರದ ಹಂತ, ಅಟ್ರೋಫಿಕ್ ಎಂದರೆ ಮುಟ್ಟು ನಿಂತ ಮೇಲೆ ತೆಳುವಾದ ಸ್ಥಿತಿ. ಮೂರೂ ಸಹಜ. ಹೈಪರ್‌ಪ್ಲೇಸಿಯಾ ಎಂದರೆ ಗ್ರಂಥಿಗಳು ಮಿತಿಮೀರಿ ಒತ್ತೊತ್ತಾಗಿ ಬೆಳೆದಿರುವುದು. ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಇದನ್ನು ಜೀವಕೋಶದ ವಿಕಾರವಿಲ್ಲದ್ದು ಮತ್ತು ವಿಕಾರವುಳ್ಳದ್ದು ಎಂದು ಎರಡೇ ಬಗೆಗೆ ಇಳಿಸಿತು. ವಿಕಾರವಿಲ್ಲದ್ದು 20 ವರ್ಷಗಳಲ್ಲಿ ಕ್ಯಾನ್ಸರಾಗುವ ಸಾಧ್ಯತೆ ಶೇಕಡಾ 5ಕ್ಕಿಂತ ಕಡಿಮೆಯಿದ್ದು ಹಾರ್ಮೋನ್ ಚಿಕಿತ್ಸೆಗೆ ಒಗ್ಗುತ್ತದೆ. ವಿಕಾರವುಳ್ಳದ್ದರ ಜೊತೆಯಲ್ಲಿ ಆಗಲೇ ಕ್ಯಾನ್ಸರ್ ಇರುವ ಸಂಭವ ಗಣನೀಯವಾದುದರಿಂದ, ಅಲ್ಲಿ ಗರ್ಭಕೋಶ ತೆಗೆಯುವುದೇ ಸಾಮಾನ್ಯವಾಗಿ ಸರಿಯಾದ ಚಿಕಿತ್ಸೆ. ಈ ಭೇದವನ್ನು ತಿಳಿಯಲು ಅಂಗವನ್ನೇ ತೆಗೆಯಬೇಕಾಗಿಲ್ಲ. ನಲವತ್ತು ದಾಟಿ ರಕ್ತಸ್ರಾವದ ತೊಂದರೆಯಿರುವವರಲ್ಲಿ ಅಥವಾ ಮುಟ್ಟು ನಿಂತ ಮೇಲೆ ರಕ್ತ ಕಂಡವರಲ್ಲಿ ಒಳಪದರದ ಚೂರನ್ನು ಮೊದಲೇ ತೆಗೆದು ಪರೀಕ್ಷಿಸುವ ಬಯಾಪ್ಸಿ ಅದಕ್ಕೆ ಹೆಚ್ಚಾಗಿ ಸಾಕಾಗುತ್ತದೆ.

ಗರ್ಭಕಂಠದ ಸಾಲಿನಲ್ಲಿ ಹೆಚ್ಚೂಕಡಿಮೆ ಎಲ್ಲ ವರದಿಗಳಲ್ಲೂ ಕಾಣುವ ಪದ ಕ್ರಾನಿಕ್ ಸರ್ವಿಸೈಟಿಸ್, ಅಂದರೆ ಗರ್ಭಕಂಠದ ಹಳೆಯ ಉರಿಯೂತ. ಹೆರಿಗೆ ಕಂಡ ಮಹಿಳೆಯರಲ್ಲಿ ಉರಿಯೂತದ ಜೀವಕೋಶಗಳು ಅಲ್ಲಿ ಒಂದಿಷ್ಟು ಸೇರಿರುವುದು ಅಷ್ಟು ಸಾಮಾನ್ಯವಾದುದರಿಂದ ಅದನ್ನು ಪ್ರತ್ಯೇಕ ರೋಗವೆಂದು ಎಣಿಸುವುದು ಕಷ್ಟ. ಆದರೆ ಸ್ನಾಯು ಸಹಜ, ಒಳಪದರ ಸಹಜ, ಅಂಡಾಶಯ ಸಹಜ, ಕ್ರಾನಿಕ್ ಸರ್ವಿಸೈಟಿಸ್ ಮಾತ್ರ ಇದೆ ಎಂದು ವರದಿ ಹೇಳಿದಾಗ ಗರ್ಭಕೋಶ ಜಾರಿದ್ದ ಮಹಿಳೆಯ ವಿಷಯದಲ್ಲಿ ಅದರ ಅರ್ಥವೇ ಬೇರೆ, ಬಿಳಿಸೆರಗಿನಿಂದ ಬಳಲುತ್ತಿದ್ದ 32ರ ಮಹಿಳೆಯ ವಿಷಯದಲ್ಲಿ ಅದರ ಅರ್ಥವೇ ಬೇರೆ. ಮೊದಲನೆಯವರ ತೊಂದರೆ ಅಂಗದ ಸ್ಥಾನದ್ದು, ಅಂಗಾಂಶದ್ದಲ್ಲ, ಶಸ್ತ್ರಚಿಕಿತ್ಸೆಗೆ ಆಧಾರವಿತ್ತು. ಎರಡನೆಯವರ ವಿಷಯದಲ್ಲಿ ತೆಗೆಯಬೇಕಾದ ರೋಗವೇ ಅಲ್ಲಿರಲಿಲ್ಲ ಎಂಬ ಸಂಶಯಕ್ಕೆ ಎಡೆಯಾಗುತ್ತದೆ.

ಇದಕ್ಕೆ ವ್ಯತಿರಿಕ್ತವಾಗಿ, ಯಾರೂ ನಿರೀಕ್ಷಿಸದ ಗಂಭೀರ ಕಾಣ್ಕೆಗಳೂ ಇವೆ. ಗರ್ಭಕಂಠದ ಮೇಲ್ಪದರದಲ್ಲಿ ಕ್ಯಾನ್ಸರ್ ಪೂರ್ವ ಬದಲಾವಣೆ, ಅಂಡನಾಳದಲ್ಲಿ ಕ್ಷಯರೋಗದ ಗಂಟುಗಳು, ನಿರಪಾಯಕಾರಿಯೆಂದು ತೋರಿದ್ದ ಅಂಡಾಶಯದ ಗಡ್ಡೆಯ ಒಂದು ಮೂಲೆಯಲ್ಲಿ ಕ್ಯಾನ್ಸರ್ ಇವು ಸಿಕ್ಕರೆ ಶಸ್ತ್ರಚಿಕಿತ್ಸೆಯೇ ಚಿಕಿತ್ಸೆಯ ಕೊನೆಯಲ್ಲ. ಕ್ಷಯಕ್ಕೆ ತಿಂಗಳುಗಟ್ಟಲೆ ಔಷಧಿ, ಕ್ಯಾನ್ಸರಿಗೆ ಮುಂದಿನ ಶಸ್ತ್ರಚಿಕಿತ್ಸೆ ಅಥವಾ ವಿಕಿರಣ ಬೇಕಾಗುತ್ತದೆ. ವರದಿ ಆಸ್ಪತ್ರೆಯ ಕಡತದಲ್ಲಿಯೇ ಉಳಿದು ಮಹಿಳೆ ತನ್ನ ಊರಿನಲ್ಲಿ ಉಳಿದರೆ ಆ ಅವಕಾಶ ಕೈತಪ್ಪುತ್ತದೆ.

ಅಗತ್ಯ ಮತ್ತು ಅನಗತ್ಯದ ಪ್ರಶ್ನೆ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು 2015-16ರಲ್ಲಿ ಮೊದಲ ಬಾರಿಗೆ ಗರ್ಭಕೋಶ ತೆಗೆಸಿದವರ ಲೆಕ್ಕ ಕೇಳಿತು. ಆಗ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಶೇಕಡಾ 3.2ರಷ್ಟು ಮಂದಿ ಅದಕ್ಕೆ ಒಳಗಾಗಿದ್ದರು, ಅವರಲ್ಲಿ ಸುಮಾರು ಮೂರನೇ ಎರಡು ಭಾಗದವರ ಶಸ್ತ್ರಚಿಕಿತ್ಸೆ ಖಾಸಗಿ ಆಸ್ಪತ್ರೆಗಳಲ್ಲಿ ನಡೆದಿತ್ತು. ಹೆಚ್ಚಿನವರು ಕೊಟ್ಟ ಕಾರಣ ಅತಿಯಾದ ಮುಟ್ಟಿನ ಸ್ರಾವ ಮತ್ತು ನೋವು. ವಿಜಯಪುರದ ನೆರೆಯ ಕಲಬುರಗಿ ಜಿಲ್ಲೆಯಲ್ಲಿ 2015ರ ಸುಮಾರಿಗೆ ತಾಂಡಾಗಳ ಲಂಬಾಣಿ ಮಹಿಳೆಯರೂ ದಲಿತ ಮಹಿಳೆಯರೂ ದೊಡ್ಡ ಸಂಖ್ಯೆಯಲ್ಲಿ, ಹಲವರು ಮೂವತ್ತೈದಕ್ಕಿಂತ ಮೊದಲೇ, ಅನಗತ್ಯವಾಗಿ ಗರ್ಭಕೋಶ ಕಳೆದುಕೊಂಡರೆಂಬ ದೂರು ಎದ್ದು ಸರ್ಕಾರದ ಮಟ್ಟದಲ್ಲಿ ತನಿಖೆಯಾಯಿತು. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ 2019ರಲ್ಲಿ ಸರ್ಕಾರ ನಡೆಸಿದ ಸಮೀಕ್ಷೆ, ಕಬ್ಬು ಕಡಿಯುವ 82 ಸಾವಿರಕ್ಕೂ ಹೆಚ್ಚು ಮಹಿಳೆಯರಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿಗೆ ಗರ್ಭಕೋಶವಿಲ್ಲವೆಂದು ತೋರಿಸಿತು. ಮುಟ್ಟಿನ ದಿನಗಳ ಕೂಲಿ ತಪ್ಪೀತೆಂಬ ಭಯ ಅದರ ಹಿಂದಿನ ಕಾರಣಗಳಲ್ಲೊಂದು. ವಿಜಯಪುರ ಜಿಲ್ಲೆಯ ತಾಂಡಾಗಳಿಂದಲೂ ಪ್ರತಿವರ್ಷ ಕುಟುಂಬಗಳು ಕಬ್ಬಿನ ಸುಗ್ಗಿಗೆ ಗುಳೆ ಹೋಗುವುದರಿಂದ ಆ ಅನುಭವ ಇಲ್ಲಿಗೆ ಹೊರಗಿನದಲ್ಲ. ವೈದ್ಯ ನರೇಂದ್ರ ಗುಪ್ತಾ ಅವರ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 5ರಂದು ತೀರ್ಪು ನೀಡಿ, ಅನಗತ್ಯ ಗರ್ಭಕೋಶ ತೆಗೆಯುವಿಕೆ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಆದೇಶಿಸಿತು. ರಾಷ್ಟ್ರ, ರಾಜ್ಯ, ಜಿಲ್ಲಾ ಮಟ್ಟಗಳಲ್ಲಿ ಉಸ್ತುವಾರಿ ಸಮಿತಿಗಳಿರಬೇಕೆಂಬುದು ಆ ಮಾರ್ಗಸೂಚಿಯ ತಿರುಳು.

ಇಂಥ ಸಮಿತಿಗಳ ಕೈಯಲ್ಲಿರಬಹುದಾದ ಅತ್ಯಂತ ನಂಬಲರ್ಹ ಸಾಧನ ಅಂಗಾಂಶ ವರದಿಯೇ. ಒಂದು ಆಸ್ಪತ್ರೆಯ ವರ್ಷದ ಶಸ್ತ್ರಚಿಕಿತ್ಸೆಗಳ ಕಾರಣಗಳನ್ನೂ ವರದಿಗಳನ್ನೂ ಎದುರುಬದುರು ಇಟ್ಟರೆ, ಎಲ್ಲಿ ಅಂದಾಜು ಸರಿಯಿತ್ತು, ಎಲ್ಲಿ ಆರೋಗ್ಯವಂತ ಗರ್ಭಕೋಶಗಳು ಹೋಗುತ್ತಿವೆ ಎಂಬುದು ತಾನೇ ತೋರುತ್ತದೆ. ಸಹಜ ವರದಿ ಬಂದ ಮಾತ್ರಕ್ಕೆ ತಪ್ಪು ನಡೆದಿದೆ ಎನ್ನಲಾಗದು, ಏಕೆಂದರೆ ಔಷಧಿಗೆ ಬಗ್ಗದ ಹಾರ್ಮೋನ್ ಏರುಪೇರಿನ ರಕ್ತಸ್ರಾವ ಅಂಗಾಂಶದಲ್ಲಿ ಗುರುತು ಬಿಡದೇ ಇರಬಹುದು. ಆದರೆ ಚಿಕ್ಕ ವಯಸ್ಸು, ಔಷಧಿ ಪ್ರಯತ್ನಿಸದಿರುವುದು ಮತ್ತು ಸಹಜ ವರದಿ ಈ ಮೂರೂ ಒಂದೇ ಆಸ್ಪತ್ರೆಯಲ್ಲಿ ಮತ್ತೆಮತ್ತೆ ಕೂಡಿಬಂದರೆ ಪ್ರಶ್ನಿಸಲೇಬೇಕಾಗುತ್ತದೆ.

ಶಸ್ತ್ರಚಿಕಿತ್ಸೆಗೆ ಮುನ್ನ ಪ್ರಯತ್ನಿಸಬಹುದಾದ ದಾರಿಗಳು ಕಡಿಮೆಯಿಲ್ಲ. ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆ, ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ರೂಪಿಸಿದ ಹಾರ್ಮೋನ್ ರಹಿತ ಆರ್ಮೆಲಾಕ್ಸಿಫೀನ್, ಗರ್ಭಕೋಶದೊಳಗೇ ಹಾರ್ಮೋನ್ ಬಿಡುತ್ತ ಐದು ವರ್ಷಕ್ಕೂ ಹೆಚ್ಚು ಕೆಲಸ ಮಾಡುವ ವಂಕಿ, ಗಡ್ಡೆಯನ್ನು ಮಾತ್ರ ತೆಗೆಯುವ ಶಸ್ತ್ರಚಿಕಿತ್ಸೆ, ಜಾರಿದ ಗರ್ಭಕೋಶಕ್ಕೆ ಆಸರೆ ಕೊಡುವ ಉಂಗುರ ಇವು ಕೆಲವು. ಗರ್ಭಕಂಠದ ಕ್ಯಾನ್ಸರಿನ ಭಯವಿದ್ದರೆ ಅದಕ್ಕೆ ಪ್ಯಾಪ್ ಪರೀಕ್ಷೆಯೋ ಎಚ್‌ಪಿವಿ ಪರೀಕ್ಷೆಯೋ ಉತ್ತರ ಕೊಡುತ್ತದೆ. ಗರ್ಭಕೋಶ ತೆಗೆಯಲೇಬೇಕಾದಾಗಲೂ ಮುಟ್ಟು ನಿಲ್ಲದ ಮಹಿಳೆಯ ಆರೋಗ್ಯವಂತ ಅಂಡಾಶಯಗಳನ್ನು 'ಹೇಗೂ ಹೊಟ್ಟೆ ತೆರೆದಿದೆ' ಎಂದು ತೆಗೆಯುವುದು ದುಬಾರಿಯಾದೀತು. ರಾತ್ರೋರಾತ್ರಿ ಮುಟ್ಟು ನಿಂತ ಸ್ಥಿತಿ ಬಂದು ಮೈ ಬಿಸಿಯೇರುವುದು, ಮೂಳೆ ಸವೆಯುವುದು, ಹೃದಯದ ಕಾಯಿಲೆಯ ಸಾಧ್ಯತೆ ಹೆಚ್ಚುವುದು ಅದರ ಪರಿಣಾಮಗಳು.

ಹೀಗಿರುವಾಗ ಶಸ್ತ್ರಚಿಕಿತ್ಸೆಗೆ ಒಪ್ಪಿಗೆಯ ಸಹಿ ಹಾಕುವ ಮುನ್ನ ಮಹಿಳೆಯೂ ಅವರ ಮನೆಯವರೂ ನಾಲ್ಕು ಮಾತು ಕೇಳುವುದು ಹಕ್ಕೇ ಆಗಿದೆ: ರೋಗದ ಹೆಸರೇನು, ಔಷಧಿಯಿಂದ ಏಕೆ ಆಗದು, ಅಂಡಾಶಯಗಳನ್ನು ಉಳಿಸುತ್ತಾರೆಯೇ, ತೆಗೆದ ಅಂಗ ಯಾವ ಪ್ರಯೋಗಾಲಯಕ್ಕೆ ಹೋಗುತ್ತದೆ. ವರದಿಯ ಪ್ರತಿಯನ್ನು ಪಡೆದು, ಅದನ್ನು ಓದಿ ವಿವರಿಸಲು ವೈದ್ಯರ ಬಳಿ ಮತ್ತೊಮ್ಮೆ ಹೋಗಿಬರುವುದು ಚಿಕಿತ್ಸೆಯ ಕೊನೆಯ ಕಂತೆಂದು ತಿಳಿಯಬೇಕು. ತಿಕೋಟಾ ಮತ್ತು ಬಬಲೇಶ್ವರದ ಹಳ್ಳಿಗಳಲ್ಲಿ ಮನೆಮನೆ ಬಲ್ಲ ಆಶಾ ಕಾರ್ಯಕರ್ತೆಯರು ಗರ್ಭಕೋಶ ತೆಗೆಸಿ ಮರಳಿದ ಪ್ರತಿಯೊಬ್ಬರನ್ನೂ ವರದಿ ಬಂತೇ ಎಂದು ವಿಚಾರಿಸುವ ರೂಢಿ ಬೆಳೆಸಿದರೆ, ಅಡಗಿದ್ದ ಕ್ಯಾನ್ಸರೊಂದು ಸಕಾಲದಲ್ಲಿ ಸಿಗುವುದಕ್ಕೂ, ತೆಗೆಯಬಾರದ ಗರ್ಭಕೋಶಗಳು ಮುಂದೆ ಉಳಿಯುವುದಕ್ಕೂ ಅದಕ್ಕಿಂತ ಕಡಿಮೆ ಖರ್ಚಿನ ಉಪಾಯ ಇನ್ನೊಂದಿರಲಾರದು.